ಬೇರು ಸಿಗದ ಪದ

ಎದುರಿಗೆ ಬರೀ ಮಿಸ್, ಬೆನ್ನ ಹಿಂದೆ ಬೇರು ಮಿಸ್. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಪಾಠ ಕೇಳುವ ಮಕ್ಕಳು ಅವಳಿಗೆ ಇಟ್ಟ ಹೆಸರು ಅದು. ಅವಳಿಗೂ ಗೊತ್ತಿತ್ತು. ಕೋಪ ಬರುವುದಿರಲಿ, ಒಳಗೊಳಗೇ ಹಿಗ್ಗುತ್ತಿದ್ದಳು. ಯಾಕೆ ಹಿಗ್ಗಬಾರದು ಹೇಳಿ? ಉಳಿದ ಟೀಚರುಗಳಿಗೆ ಅದೇ ಮಕ್ಕಳು ಇಟ್ಟ ಹೆಸರುಗಳನ್ನು ಕೇಳಿದ್ದರೆ ನೀವೇ ಕಿವಿ ಮುಚ್ಚಿಕೊಳ್ಳುತ್ತಿದ್ದಿರಿ.

ವಾರದ ಉಳಿದ ದಿನಗಳಲ್ಲಿ ಅವಳದು ಕನ್ನಡಕದ ಅಂಗಡಿಯ ಕೆಲಸ. ಮುಂದುಗಡೆ ಮಾಲೀಕ ಗಿರಾಕಿಗಳ ಮೂಗಿಗೆ ಫ್ರೇಮು ಏರಿಸಿ, ನಿಮಗೇ ಅಂತ ಹೇಳಿ ಮಾಡಿಸಿದ ಹಾಗಿದೆ ಎಂದು ಬೆಣ್ಣೆ ಹಚ್ಚುತ್ತಿದ್ದರೆ, ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಇವಳು ಸಾಣೆಯ ಚಕ್ರಕ್ಕೆ ನೀರು ತೊಟ್ಟಿಕ್ಕಿಸಿಕೊಂಡು ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುತ್ತಿದ್ದಳು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆನೋವು. ಹಾಗಾಗಿ 'ಸುಮಾರಾಗಿದೆ, ನಡೆಯುತ್ತೆ' ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿಲ್ಲ. ಹರೆಯದಲ್ಲಿ ಸಿಸ್ಟರ್ ಆಗುತ್ತೇನೆಂದು ಕಾನ್ವೆಂಟಿಗೆ ಹೋಗಿ, ಕೆಲವು ವರ್ಷ ಇದ್ದು, ಹೇಳಿದ್ದಕ್ಕೆಲ್ಲ ತಲೆ ಆಡಿಸುವುದು ಮೈಗೆ ಒಗ್ಗದೆ ವಾಪಸ್ಸು ಬಂದವಳು. ಬರುವಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಅಲ್ಲಿನ ಮುದಿ ಸಿಸ್ಟರೊಬ್ಬರು ಪಟ್ಟು ಹಿಡಿದು ಕಲಿಸಿದ ಗ್ರೀಕು, ಲ್ಯಾಟಿನ್ನು. ಮದುವೆಯಾಗಲಿಲ್ಲ. ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು.

ಅವಳ ಪಾಠದ ಕ್ರಮ ಹೀಗೆ. ಕಪ್ಪು ಹಲಗೆಯ ಮೇಲೆ ಒಂದು ಪದ ಬರೆಯುವುದು. ಅದರ ಕೆಳಗೆ ಗಿಡಕ್ಕೆ ಬರೆಯುವ ಹಾಗೆ ಬೇರು ಬರೆಯುವುದು. ಏಂಜೆಲ್ ಎಂದರೆ ಗ್ರೀಕಿನಲ್ಲಿ ಸುದ್ದಿ ತರುವವನು, ಅಷ್ಟೇ; ರೆಕ್ಕೆ ಆಮೇಲೆ ಚಿತ್ರ ಬರೆದವರು ಅಂಟಿಸಿದ್ದು. ಆ ವಾರವಿಡೀ ಮಕ್ಕಳು ಕೊರಿಯರ್ ತರುವವನನ್ನು ಏಂಜೆಲಣ್ಣ, ಏಂಜೆಲಣ್ಣ ಎಂದು ಕೂಗಿ, ಪಾಪ ಅವನು ಆ ಬೀದಿಗೆ ಬರುವುದಕ್ಕೇ ಹಿಂದೆಮುಂದೆ ನೋಡುವಂತಾಯಿತು. ಬಿಷಪ್ ಎಂದರೆ ಮೇಲೆ ನಿಂತು ನೋಡಿಕೊಳ್ಳುವವನು, ಸೂಪರ್‌ವೈಸರ್. ಪಾದ್ರಿ ಎಂದರೆ ಲ್ಯಾಟಿನ್ನಿನ ಅಪ್ಪ. ಇಗರ್ಜಿ ಎಂದು ಹಳಬರು ಚರ್ಚಿಗೆ ಹೇಳುವ ಪದದ ಬೇರು ಗ್ರೀಕಿನದು, ಕರೆದಾಗ ಮನೆಬಿಟ್ಟು ಬಂದು ಸೇರಿದ ಜನ ಎಂದು. ಗೋಡೆ, ಗೋಪುರ ಅದರಲ್ಲಿ ಎಲ್ಲೂ ಇಲ್ಲ. ಕಪಟಿ ಎಂದು ನಾವು ಓದುವ ಕಡೆ ಗ್ರೀಕಿನಲ್ಲಿರುವ ಪದಕ್ಕೆ ನಾಟಕದ ನಟ ಎಂದು ಅರ್ಥ, ಬೇರೆ ಯಾರೋ ಬರೆದುಕೊಟ್ಟ ಮಾತನ್ನು ತನ್ನದೇ ಎನ್ನುವಂತೆ ಒಪ್ಪಿಸುವವನು. ಮಕ್ಕಳಿಗೆ ಇದೆಲ್ಲ ಮಿಠಾಯಿ. ಬೇರೆ ಕ್ಲಾಸಿನ ಮಕ್ಕಳು ಕಿಟಕಿಯಲ್ಲಿ ಇಣುಕುತ್ತಿದ್ದರು.

ಪಾಠ ಮುಗಿಯುವಾಗ ಅವಳದೊಂದು ಕಟ್ಟಪ್ಪಣೆ ಇತ್ತು. ಅರ್ಥ ಗೊತ್ತಿಲ್ಲದ ಮಾತನ್ನು ದೇವರ ಮುಂದೆ ಆಡಬಾರದು. ಅದು ಗಿಣಿಯ ಕೆಲಸ, ಮನುಷ್ಯರ ಕೆಲಸವಲ್ಲ. ಇದನ್ನು ಮಕ್ಕಳ ಬಾಯಲ್ಲಿ ಒಟ್ಟಿಗೆ ಹೇಳಿಸಿಯೇ ಬಾಗಿಲು ತೆಗೆಯುತ್ತಿದ್ದಳು. ಗಿಣಿಯಾಗಬೇಡಿ ಎಂದು ಗಿಣಿಗಳ ಹಾಗೆ ಹೇಳಿಸುತ್ತಿದ್ದೇನೆ ಎಂಬುದು ಅಷ್ಟು ಜಾಣ ಹೆಂಗಸಿಗೆ ಒಂದು ದಿನವೂ ಹೊಳೆಯಲಿಲ್ಲ ನೋಡಿ.

ಆ ಮಕ್ಕಳಲ್ಲಿ ಒಬ್ಬಳು ಪಟಪಟಿ. ಹತ್ತರ ಆಸುಪಾಸಿನ ಹುಡುಗಿ, ಎರಡು ಜಡೆ, ಒಂದು ಯಾವಾಗಲೂ ಬಿಚ್ಚಿರುತ್ತಿತ್ತು. ಪ್ರಾರ್ಥನೆ ಹೇಳು ಎಂದರೆ ಉಸಿರು ತೆಗೆದುಕೊಳ್ಳದೆ ಪಟಪಟನೆ ಒಪ್ಪಿಸಿ ಕೂತುಬಿಡುತ್ತಿದ್ದಳು, ಅದಕ್ಕೇ ಆ ಹೆಸರು. ಮೊದಮೊದಲು ಬೇರು ಮಿಸ್ ಅವಳನ್ನು ಎಲ್ಲರ ಎದುರಿಗೇ ನಿಲ್ಲಿಸಿ, ಏನು ಹೇಳಿದೆ ಅಂತ ನಿನಗಾದರೂ ಗೊತ್ತೇನೇ ಎಂದು ಕೇಳಿದ್ದುಂಟು. ಉಳಿದವರು ಕಿಸಕ್ಕೆಂದರು. ಹುಡುಗಿಯ ಮುಖ ಕೆಂಪಾಯಿತು. ಅಂದಿನಿಂದ ಅವಳು ಮೈಯೆಲ್ಲ ಕಿವಿಯಾಗಿ ಕೂತಳು. ಕೆಲವೇ ತಿಂಗಳಲ್ಲಿ ಕ್ಲಾಸಿಗೇ ಮೊದಲಿಗಳಾದಳು. ಬೇರು ಮಿಸ್‌ಗೆ ಅವಳೆಂದರೆ ಪ್ರಾಣ. ತೋರಿಸಿಕೊಳ್ಳುತ್ತಿರಲಿಲ್ಲ, ಬೇರೆ ಮಾತು.

ಆ ಸಲ ಹಲಗೆಗೆ ಬಂದದ್ದು ತಂದೆಯೇ ಎಂದು ಶುರುವಾಗುವ ಪ್ರಾರ್ಥನೆ. ಮಾತು ಬಂದ ಕೂಡಲೇ ಎಲ್ಲ ಮನೆಯಲ್ಲೂ ಮಗುವಿಗೆ ಕಲಿಸುತ್ತಾರಲ್ಲ, ಅದು. ನಾವು ಅದನ್ನು ಕನ್ನಡದಲ್ಲಿ ಹೇಳಿದರೂ ಬರೆದಿಟ್ಟದ್ದು ಗ್ರೀಕಿನಲ್ಲಿ, ಆದ್ದರಿಂದ ಪ್ರತಿ ಪದದ ಹಿಂದೆ ಒಂದು ಗ್ರೀಕು ಪದ ನಿಂತಿದೆ ಎಂದು ಹೇಳಿ, ವಾರಕ್ಕೆ ಒಂದೊಂದು ಸಾಲಿನಂತೆ ಬಿಡಿಸುತ್ತ ಬಂದಳು. ಆಕಾಶ ಆಯಿತು, ರಾಜ್ಯ ಆಯಿತು, ರೊಟ್ಟಿ ಕೇಳುವ ಸಾಲು ಬಂತು. ರೊಟ್ಟಿಗೆ ಆರ್ತೊಸ್ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದಳು.

"ಮಿಸ್, ಒಂದು ಬಿಟ್ರಿ," ಎಂದಳು ಪಟಪಟಿ. "ರೊಟ್ಟಿಗೆ ಮುಂಚೆ 'ಅನುದಿನದ' ಅಂತ ಇದೆಯಲ್ಲ, ಅದು?"

ಬೇರು ಮಿಸ್‌ಗೆ ಆದ ಖುಷಿ ಅಷ್ಟಿಷ್ಟಲ್ಲ. ಇಷ್ಟು ವರ್ಷದಲ್ಲಿ ಒಂದು ಮಗುವೂ ಕೇಳಿರಲಿಲ್ಲ. ಅವಳು ಎಪಿಊಸಿಯೊಸ್ ಎಂದು ದೊಡ್ಡದಾಗಿ ಬರೆದಳು. ಬರೆದು, ಕೆಳಗೆ ಬೇರು ಬರೆಯದೆ, ಸೀಮೆಸುಣ್ಣ ಕೆಳಗಿಟ್ಟಳು. ಈ ಪ್ರಾರ್ಥನೆ ಬಿಟ್ಟರೆ ಗ್ರೀಕಿನಲ್ಲಿ ಬೇರೆಲ್ಲೂ ಈ ಪದ ಸಿಕ್ಕುವುದಿಲ್ಲ ಎನ್ನಬಹುದು, ಆದ್ದರಿಂದ ತಾಳೆ ನೋಡುವುದಕ್ಕೆ ದಾರಿಯಿಲ್ಲ ಎಂದು ವಿವರಿಸಿದಳು. ಈ ದಿನದ ಎನ್ನುತ್ತಾರೆ ಕೆಲವರು, ಬರುವ ದಿನದ ಎನ್ನುತ್ತಾರೆ ಕೆಲವರು, ಜೀವ ಹಿಡಿಯುವಷ್ಟು ಎನ್ನುವವರೂ ಇದ್ದಾರೆ. ಲ್ಯಾಟಿನ್ನಿಗೆ ತಂದಾಗಲೂ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ನಾವು ಅನುದಿನದ ಎನ್ನುತ್ತೇವೆ, ಏನಾದರೊಂದು ಅನ್ನಬೇಕಲ್ಲ. ನಿಜವಾದ ಅರ್ಥ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂದು ಎರಡೂ ಕೈ ಚೆಲ್ಲಿ ನಕ್ಕಳು. ಆಮೇಲೆ ಗಂಟೆ ಹೊಡೆಯಿತು, ಎಲ್ಲರೂ ಒಟ್ಟಿಗೆ ಕಟ್ಟಪ್ಪಣೆ ಹೇಳಿದರು, ಮನೆಗೆ ಹೋದರು.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅಂಗಡಿಯ ಮಾಲೀಕ ಪರದೆ ಸರಿಸಿ, ನಿಮ್ಮನ್ನೇ ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದ. ಬಂದಿದ್ದವನು ಲಿಫ್ಟ್ ರಿಪೇರಿ ಮಾಡುವವನು, ಪಟಪಟಿಯ ಅಪ್ಪ. ಕೈಯೆಲ್ಲ ಗ್ರೀಸು. ಹಿಡಿದುಕೊಂಡಿದ್ದ ಹೆಂಗಸರ ಕನ್ನಡಕಕ್ಕೆ ಮಾತ್ರ ಗ್ರೀಸು ತಾಗದ ಹಾಗೆ ಕರವಸ್ತ್ರ ಸುತ್ತಿದ್ದ. ಕಿವಿಯ ಕಡ್ಡಿ ಕಳಚಿತ್ತು, ತಿರುಪು ಬಿದ್ದುಹೋಗಿತ್ತು. ಅದು ಬರೀ ನೆವ ಎಂದು ಇವಳಿಗೆ ಗೊತ್ತಾಯಿತು. ಲಿಫ್ಟನ್ನೇ ಬಿಚ್ಚಿ ಜೋಡಿಸುವವನಿಗೆ ಒಂದು ತಿರುಪು ಯಾವ ಲೆಕ್ಕ?

ಅವಳು ತಿರುಪು ಹುಡುಕುತ್ತಿರುವಾಗ ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಳು. ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಅದಾದ ಮೇಲೆ ಒಂದು ವರ್ಷ ಚೆನ್ನಾಗಿದ್ದಳು, ಈಗ ಅದು ಬೇರೆ ಕಡೆಗೂ ಹಬ್ಬಿದೆ. ಊಟ ಮೂಗಿನ ನಳಿಕೆಯಲ್ಲಿ. ಸಂಜೆ ಮಗಳು ಮಂಚದ ಪಕ್ಕ ಕೂತು ಆ ಪ್ರಾರ್ಥನೆ ಹೇಳುತ್ತಿದ್ದಳು, ಅಮ್ಮ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಿದ್ದಳು. ದಿನವಿಡೀ ಅವಳು ಕಾಯುತ್ತಿದ್ದದ್ದೇ ಅದಕ್ಕೆ. ಈಗ ಹುಡುಗಿ ರೊಟ್ಟಿಯ ಸಾಲಿಗೆ ಬಂದು ನಿಂತುಬಿಡುತ್ತಾಳೆ. ಅಮ್ಮನ ತುಟಿ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ, ಮಗಳ ಧ್ವನಿ ಬರಲಿಲ್ಲವೆಂದು ಅದೂ ನಿಲ್ಲುತ್ತದೆ. ಹುಡುಗಿ ಎದ್ದು ಹೋಗುತ್ತಾಳೆ. ಪುಸಲಾಯಿಸಿದ್ದಾಯಿತು, ಗದರಿಸಿದ್ದಾಯಿತು.

"ಒಂದು ದಿನ ಕೈನೂ ಮಾಡಿಬಿಟ್ಟೆ ಟೀಚರ್," ಎಂದ. "ಅವಳು ಹುಟ್ಟಿದಾಗಿಂದ ಮಾಡಿರಲಿಲ್ಲ. ಹೊಡೆಸಿಕೊಂಡು, ಅರ್ಥ ಗೊತ್ತಿಲ್ಲದ್ದು ದೇವರ ಮುಂದೆ ಹೇಳಬಾರದು, ಮಿಸ್ ಹೇಳಿದಾರೆ ಅಂತಾಳೆ."

ಬೇರು ಮಿಸ್‌ಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಮೊದಲು ಬಾಯಿಂದ ಬಂದದ್ದು ಪಶ್ಚಾತ್ತಾಪವಲ್ಲ, ಮೊಂಡುವಾದ. ಅದೊಂದು ಸಾಲನ್ನು ನೀವೇ ಹೇಳಬಹುದಲ್ಲ ಎಂದಳು. ಅವನು ಹೇಳಿ ನೋಡಿದ್ದನಂತೆ. ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳಂತೆ. ಅವಳಿಗೆ ಮಗಳ ಗಂಟಲೇ ಬೇಕು. ಒಂದು ಗುಟುಕು ನುಂಗಲಾಗದವಳಿಗೆ ರೊಟ್ಟಿಯ ಸಾಲೇ ಯಾಕೆ ಅಷ್ಟು ಮುಖ್ಯ ಎಂದು ತನಗೂ ತಿಳಿಯದು ಎಂದ. ಆಸ್ಪತ್ರೆಯಲ್ಲಿ ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರಂತೆ. ಹುಡುಗಿಗೆ ಅದು ಗೊತ್ತಿಲ್ಲ.

ಕನ್ನಡಕ ಕೈಗೆ ಕೊಟ್ಟಾಗ ಅವನು ಮೊದಲ ಸಲ ತಲೆಯೆತ್ತಿ ನೋಡಿದ. "ನೀವು ಓದಿದವರು, ನಿಮಗೆ ಬುದ್ಧಿ ಹೇಳೋಕೆ ಬಂದಿಲ್ಲ. ಆದ್ರೆ ಆ ಗಂಟು ಹಾಕಿದವರು ನೀವು. ನೀವೇ ಬಿಚ್ಚಬೇಕು. ಬೇಗ."

ಅವನು ಹೋದ ಮೇಲೆ ಅವಳು ಚಕ್ರದ ಮುಂದೆ ಕೂತು ಒಂದಷ್ಟು ಹೊತ್ತು ತನ್ನಷ್ಟಕ್ಕೆ ಗೊಣಗಿದಳು. ನಾನು ಸುಳ್ಳು ಹೇಳಿದೆನಾ? ಮಗು ಕೇಳಿತು, ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಜನಕ್ಕೆ ನಿಜ ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಹೀಗೆ ಗೊಣಗುತ್ತ ಯಾರದೋ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿಬಿಟ್ಟಳು. ಮಾಲೀಕ ಅದನ್ನು ನೋಡಿ, ಏನಮ್ಮಾ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು ಎಂದು ಕಾಲೆಳೆದ. ಅವಳು ನಗದೆ, ಗಾಜನ್ನು ಕಳಚಿ ಮತ್ತೆ ಕೂರಿಸಿದಳು.

ಭಾನುವಾರ ಪಾಠ ಮುಗಿದ ಮೇಲೆ ಪಟಪಟಿಯನ್ನು ನಿಲ್ಲಿಸಿಕೊಂಡಳು. ಇಬ್ಬರೂ ಮಡಚುವ ಕುರ್ಚಿಗಳನ್ನು ಗೋಡೆಗೆ ಒರಗಿಸಿಡುತ್ತಿದ್ದರು. ಹುಡುಗಿ ಸೊರಗಿದ್ದಳು, ಇವತ್ತು ಎರಡು ಜಡೆಯೂ ಬಿಚ್ಚಿದ್ದವು. ಕೈ ಕೆಲಸ ಮಾಡುತ್ತಿರುವಾಗ ಮಾತು ಹಗುರವಾಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಬೇರು ಮಿಸ್, ಆ ಒಂದು ಪದವನ್ನು ಹಾಗೇ ಹೇಳಬಹುದು, ಪರವಾಗಿಲ್ಲ ಎಂದಳು.

"ಬೇರು ಸಿಕ್ತಾ ಮಿಸ್?"

ಇಲ್ಲ ಎಂದಳು. ಹಾಗಾದರೆ ಹೇಗೆ ಪರವಾಗಿಲ್ಲ ಎಂದು ಹುಡುಗಿ ಕೇಳಿದಳು. ಇದೊಂದಕ್ಕೆ ವಿನಾಯಿತಿ ಎಂದಳು ಇವಳು. ಅಮ್ಮನ ಸಮಾಧಾನಕ್ಕೆ ಹೇಳುವುದರಲ್ಲಿ ತಪ್ಪಿಲ್ಲ ಎಂದಳು. ಹುಡುಗಿ ಕುರ್ಚಿಯನ್ನು ಎದೆಗೆ ಅವುಚಿಕೊಂಡು ನಿಂತು, ಅದು ನಟನ ಕೆಲಸ ಆಗುವುದಿಲ್ಲವಾ, ನೀವೇ ಹಲಗೆ ಮೇಲೆ ಬರೆದಿದ್ದಿರಿ ಎಂದಳು. ತಾನೇ ಕೊಟ್ಟ ಕೋಲಿನಿಂದ ತನಗೇ ಏಟು.  ಹುಡುಗಿಯದು ಹಟ, ಸ್ವಲ್ಪ ಜೋರು ಮಾಡಿದರೆ ದಾರಿಗೆ ಬರುತ್ತಾಳೆ ಎಂದುಕೊಂಡು ಬೇರು ಮಿಸ್ ಧ್ವನಿ ಏರಿಸಿದಳು. ಅಮ್ಮನಿಗಿಂತ ನಿನಗೆ ಒಂದು ಪದ ಹೆಚ್ಚಾಯಿತಾ ಎಂದು ಕೇಳಿಬಿಟ್ಟಳು.

ಪಟಪಟಿ ಅಳಲಿಲ್ಲ. ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎನ್ನುವ ಹಾಗೆ ನೋಡಿದಳು.

"ಅಮ್ಮಂಗೋಸ್ಕರಾನೇ ಮಿಸ್. ಅಮ್ಮಂಗೆ ಹುಷಾರಿಲ್ಲದಾಗಿಂದ ದಿನಾ ಹೇಳಿದೀನಿ, ಒಂದು ದಿನಾನೂ ಬಿಟ್ಟಿಲ್ಲ. ಆದ್ರೆ ಅರ್ಥ ಗೊತ್ತಿಲ್ದೇ ಹೇಳಿದೀನಿ. ಅದಕ್ಕೇ ನಾನು ಏನು ಕೇಳ್ತಿದೀನಿ ಅಂತ ದೇವರಿಗೆ ಗೊತ್ತಾಗಿಲ್ಲ. ನೀವು ಸರಿಯಾದ ಅರ್ಥ ಹುಡುಕಿಕೊಡಿ ಮಿಸ್. ನಿಮಗೆ ಸಿಗುತ್ತೆ. ಆಮೇಲೆ ನಾನು ನಿಧಾನಕ್ಕೆ, ಒಂದೇ ಒಂದು ಸಲ, ಸರಿಯಾಗಿ ಹೇಳ್ತೀನಿ. ಆಗ ಅಮ್ಮ ಹುಷಾರಾಗ್ತಾಳೆ. ಅಲ್ಲೀವರೆಗೂ ತಪ್ಪು ತಪ್ಪು ಹೇಳಿ ಇನ್ನೂ ಹಾಳು ಮಾಡಲ್ಲ."

 ಬೇರು ಮಿಸ್ ಇದನ್ನು ಹಟ ಎಂದುಕೊಂಡಿದ್ದಳು, ವಿಧೇಯತೆ ಎಂದುಕೊಂಡಿದ್ದಳು. ಎರಡೂ ಅಲ್ಲ. ಈ ಮಗು ಇಡೀ ಕಾಯಿಲೆಯನ್ನು ತನ್ನ ನಾಲಗೆಯ ಮೇಲೆ ಹಾಕಿಕೊಂಡು ತಿರುಗುತ್ತಿತ್ತು. ಆಗಲಿ ನೋಡೋಣ ಎಂದು ಏನೋ ಹೇಳಿ ಹುಡುಗಿಯನ್ನು ಕಳಿಸಿದಳು. ಕಳಿಸಿ, ಉಳಿದ ಕುರ್ಚಿಗಳನ್ನು ಹಾಗೇ ಬಿಟ್ಟು, ಫಾದರ್ ಇದ್ದ ಆಫೀಸಿಗೆ ಹೋದಳು.

ಫಾದರ್ ವಯಸ್ಸಾದವರು, ಸಾಧು ಮನುಷ್ಯ, ಮಧ್ಯಾಹ್ನದ ಊಟಕ್ಕೆ ಮುಂಚೆ ಯಾರ ಕಷ್ಟವನ್ನಾದರೂ ಬೇಗ ಪರಿಹರಿಸುವವರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಿಜವಾಗಿ ಮರುಗಿದರು, ಅದರಲ್ಲಿ ಮಾತಿಲ್ಲ. ಮರುಗಿ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದರು.

"ಸಿಕ್ಕಿತು ಅಂತ ಏನೋ ಒಂದು ಹೇಳಿಬಿಡಮ್ಮಾ. ಯಾರು ಪರೀಕ್ಷೆ ಮಾಡೋಕೆ ಬರ್ತಾರೆ? ಆ ತಾಯಿ ಇರೋ ನಾಲ್ಕು ದಿನ ನೆಮ್ಮದಿಯಾಗಿರಲಿ. ಪಾಪ ಬಂದರೆ ನನಗಿರಲಿ."

ಸುಲಭದ ದಾರಿ. ಮನೆಗೆ ನಡೆದುಕೊಂಡು ಹೋಗುವಾಗ ಅವಳು ಅದೇ ದಾರಿ ಹಿಡಿದಿದ್ದಳು ಎನ್ನುವುದನ್ನು ಯಾಕೆ ಮುಚ್ಚಿಡಬೇಕು? ಬೇಕರಿ ದಾಟುವಷ್ಟರಲ್ಲಿ ಅರ್ಧ ಬೇರು ತಯಾರಾಗಿತ್ತು, ಔಷಧದ ಅಂಗಡಿಯ ಹತ್ತಿರ ಪೂರ್ತಿಯಾಯಿತು. ಬಹಳ ಚೆನ್ನಾಗಿಯೂ ಇತ್ತು. ಅಮ್ಮ ತನ್ನ ಕೈಯಾರೆ ಮುರಿದು ಮಗುವಿನ ಬಾಯಿಗಿಡುವ ತುಣುಕು ಎಂದು. ಯಾವ ನಿಘಂಟಿನಲ್ಲೂ ಇಲ್ಲದ್ದು, ಆದರೆ ಇದ್ದಿದ್ದರೆ ಎಷ್ಟು ಚೆನ್ನ ಎನಿಸುವಂಥದ್ದು. ಹುಡುಗಿ ಕಣ್ಣರಳಿಸಿ ನಂಬುತ್ತಾಳೆ. ಸಂಜೆ ಮಂಚದ ಪಕ್ಕ ಕೂತು, ಒಂದೊಂದೇ ಪದವನ್ನು ತೂಗಿ, ಸರಿಯಾಗಿ ಹೇಳುತ್ತಾಳೆ.

ಅಲ್ಲಿಗೆ ಬಂದು ಅವಳ ಕಾಲು ನಿಂತಿತು. ಆಮೇಲೆ? ಸರಿಯಾಗಿ ಹೇಳಿದ ಮೇಲೂ ಅಮ್ಮ ಸಾಯುತ್ತಾಳಲ್ಲ. ಆಗ ಆ ಮಗು ಯಾರನ್ನು ಕೇಳಬೇಕು? ತಪ್ಪು ಹೇಳಿದೆ, ಅದಕ್ಕೇ ಹೀಗಾಯಿತು ಎಂದು ಈಗ ಅಂದುಕೊಂಡಿದೆ. ಸರಿಯಾಗಿ ಹೇಳಿದೆ, ಆದರೂ ದೇವರು ಬೇಡವೆಂದ ಎಂದು ಆಗ ಅಂದುಕೊಳ್ಳುತ್ತದೆ. ಮೊದಲನೆಯದು ಭಾರ, ಎರಡನೆಯದು ಇನ್ನೂ ಭಾರ. ಎರಡನ್ನೂ ಹತ್ತು ವರ್ಷದ ತಲೆಯ ಮೇಲೆ ಹೊರಿಸುವವಳು ತಾನೇ. ಔಷಧದ ಅಂಗಡಿಯ ಮುಂದೆ, ಹೋಗಿಬರುವ ಜನರ ನಡುವೆ, ಬೇರು ಮಿಸ್‌ಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ತಾನು ದಿನಾ ಎರಡು ಹೊತ್ತು ಆ ಪದವನ್ನು ಹೇಳುತ್ತೇನೆ, ಅರ್ಥ ಗೊತ್ತಿಲ್ಲದೆಯೇ ಹೇಳುತ್ತೇನೆ, ಒಂದು ಸಲವೂ ನಾಲಗೆ ತಡವರಿಸಿಲ್ಲ. ಮಕ್ಕಳಿಗೆ ಒಂದು ನ್ಯಾಯ, ತನಗೊಂದು ನ್ಯಾಯ.

ಸಂಜೆ ಅವರ ಮನೆಗೆ ಹೋದಳು. ಹಳೆಯ ಕಟ್ಟಡ, ಮನೆ ಮೇಲ್ಗಡೆಯ ಅಂತಸ್ತಿನಲ್ಲಿ. ಎಲ್ಲರ ಲಿಫ್ಟ್ ರಿಪೇರಿ ಮಾಡುವವನ ಮನೆಗೆ ಮೆಟ್ಟಿಲೇ ಗತಿ. ಏದುಸಿರು ಬಿಡುತ್ತ ಹತ್ತಿದವಳಿಗೆ ಬಾಗಿಲಲ್ಲಿ ಅವನೇ ಸಿಕ್ಕ. ತಾನು ಸುಳ್ಳು ಬೇರು ಕೊಡುವುದಿಲ್ಲ ಎಂದು ಪಿಸುದನಿಯಲ್ಲೇ ಹೇಳಿದಳು, ಯಾಕೆ ಎಂದೂ ಹೇಳಿದಳು. ಹುಡುಗಿಯ ತಲೆಯಲ್ಲಿ ಏನಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊಡೆದೆನಲ್ಲ, ಹೊಡೆದೆನಲ್ಲ ಎಂದು ಎರಡು ಸಲ ಅಂದ. ಆಮೇಲೆ, ಏನು ಬೇಕಾದರೂ ಹೇಳಿ, ಅಮ್ಮ ಹುಷಾರಾಗುವುದಿಲ್ಲ ಎನ್ನುವುದೊಂದನ್ನು ಹೇಳಬೇಡಿ ಎಂದು ಬೇಡಿಕೊಂಡ. ಅವಳು ಆಗಲಿ ಎಂದಳು.

ಒಳಗೆ ಒಂದೇ ದೊಡ್ಡ ಕೋಣೆ. ಕಿಟಕಿಯ ಪಕ್ಕ ಮಂಚ. ಮಂಚದ ತಲೆಯ ಹತ್ತಿರ ಒಂದು ಸ್ಟೂಲು, ಅದರ ಮೇಲೆ ಸಿರಿಂಜು, ಮುಚ್ಚಿಟ್ಟ ಲೋಟ, ಒದ್ದೆ ಬಟ್ಟೆ. ಮೂಗಿನ ನಳಿಕೆಯನ್ನು ಕೆನ್ನೆಗೆ ಪ್ಲಾಸ್ಟರಿನಿಂದ ಅಂಟಿಸಿಕೊಂಡಿದ್ದ ಹೆಂಗಸು ರಿಪೇರಿಯಾದ ಕನ್ನಡಕ ಹಾಕಿಕೊಂಡು ಕೂತಿದ್ದಳು. ಬೆನ್ನಿಗೆ ಇದ್ದಬದ್ದ ದಿಂಬೆಲ್ಲ ಕೊಟ್ಟಿದ್ದರು. ಮೈಯಲ್ಲಿ ಮಾಂಸವೆಂಬುದಿರಲಿಲ್ಲ. ಕಣ್ಣು ಮಾತ್ರ ಚುರುಕಾಗಿದ್ದವು, ಬಂದವರನ್ನು ಅಳೆಯುತ್ತಿದ್ದವು. ಅವಳು ಕೈಯೆತ್ತಿ ಕೂರುವಂತೆ ಸನ್ನೆ ಮಾಡಿದಳು. ಪಟಪಟಿ ನೆಲದ ಮೇಲೆ ಕೂತು ಮಾಡುತ್ತಿದ್ದ ಹೋಂವರ್ಕ್ ಬಿಟ್ಟು ಎದ್ದು ಬಂದಳು.

"ಸಿಕ್ತಾ ಮಿಸ್?"

"ಇಲ್ಲ. ಸಿಗೋದೂ ಇಲ್ಲ," ಎಂದಳು ಬೇರು ಮಿಸ್. ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ತಾನು ಮಾಡಿದ ಕಟ್ಟಪ್ಪಣೆ ತಪ್ಪು, ಅದನ್ನು ಮುಂದಿನ ವಾರ ಎಲ್ಲರೆದುರಿಗೂ ಹೇಳುತ್ತೇನೆ ಎಂದಳು. ಈ ಪದವನ್ನು ಹೇಳಿಕೊಂಡು ಬಂದ ಅಜ್ಜಿ ಮುತ್ತಜ್ಜಿಯರಿಗೂ ಅರ್ಥ ಗೊತ್ತಿರಲಿಲ್ಲ, ಫಾದರ್‌ಗೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ, ಆದರೂ ಎಲ್ಲರೂ ಹೇಳಿದ್ದೇವೆ. ದೇವರಿಗೆ ಅರ್ಥವಾಗಲಿಲ್ಲ ಎಂದು ಅಮ್ಮನಿಗೆ ಕಾಯಿಲೆ ಬಂದದ್ದಲ್ಲ. ನಿನ್ನ ಬಾಯಿಂದ ಏನೂ ಕೆಟ್ಟಿಲ್ಲ, ಒಂದು ಚೂರೂ ಕೆಟ್ಟಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಒದ್ದೆಯಾದ ತನ್ನ ಕನ್ನಡಕ ತೆಗೆಯಲು ಹುಡುಗಿಯ ಕೈ ಬಿಡಬೇಕಾಗುತ್ತದೆಂದು ತೆಗೆಯಲಿಲ್ಲ.

ಹುಡುಗಿ ಕೇಳಿಸಿಕೊಂಡಳು. ಜಾಣೆ ಅವಳು, ಕೇಳಬೇಕಾದ್ದನ್ನೇ ಕೇಳಿದಳು.

"ಹಾಗಾದ್ರೆ, ಸರಿಯಾಗಿ ಹೇಳಿದ್ರೂ ಅಮ್ಮ ಹುಷಾರಾಗಲ್ವಾ?"

 ಬಾಗಿಲಲ್ಲಿದ್ದ ಅಪ್ಪ ಬೇಡ ಎಂದು ಕೈ ಆಡಿಸಿದ. ಹೇಳುವುದಿಲ್ಲ ಎಂದು ಬೇರು ಮಿಸ್ ಅವನಿಗೆ ಒಪ್ಪಿಕೊಂಡು ಬಂದಿದ್ದಳು. ಸಹಾಯ ಬೇಡುವವಳಂತೆ ಅವಳು ಮಂಚದ ಕಡೆಗೆ ನೋಡಿದಳು. ಆ ಹೆಂಗಸು ಮಗಳನ್ನು ನೋಡುತ್ತಿರಲಿಲ್ಲ, ಗಂಡನನ್ನೂ ನೋಡುತ್ತಿರಲಿಲ್ಲ, ನೇರ ಇವಳನ್ನೇ ನೋಡುತ್ತಿದ್ದಳು. ನೋಡುತ್ತಲೇ, ನಿಧಾನವಾಗಿ, ತಪ್ಪು ತಿಳಿಯುವುದಕ್ಕೆ ಆಸ್ಪದವೇ ಇಲ್ಲದಂತೆ, ಹೇಳು ಎಂದು ತಲೆ ಆಡಿಸಿದಳು.

"ಇಲ್ಲ ಮಗಳೇ," ಎಂದಳು ಬೇರು ಮಿಸ್. "ಹುಷಾರಾಗಲ್ಲ."

ಪಟಪಟಿ ಕೈ ಕಿತ್ತುಕೊಂಡಳು. ಕಿತ್ತುಕೊಂಡ ಕೈಯಿಂದಲೇ ಅವಳ ಭುಜಕ್ಕೆ, ತೋಳಿಗೆ, ಸಿಕ್ಕಲ್ಲಿ ಗುದ್ದಿದಳು. ನೀವು ಸುಳ್ಳಿ, ನಿಮಗೆ ಏನೂ ಗೊತ್ತಿಲ್ಲ, ನೀವೇ ಹೇಳಿದ್ರಿ ಗೊತ್ತಿಲ್ಲ ಅಂತ ಎಂದು ಕಿರುಚಿದಳು. ಅಪ್ಪ ಓಡಿಬಂದ. ಬೇರು ಮಿಸ್ ಅವನನ್ನು ತಡೆದಳು, ಹೊಡೆಯಲಿ ಬಿಡಿ ಎಂದಳು. ಪುಟ್ಟ ಮುಷ್ಟಿ, ಆದರೂ ನೋಯುತ್ತಿತ್ತು. ನೋಯುವುದೇ ನ್ಯಾಯ ಎನಿಸಿತು ಅವಳಿಗೆ.

ಆಗ ಮಂಚದಿಂದ ಟಕ್ ಟಕ್ ಎಂದು ಸದ್ದಾಯಿತು. ಅಮ್ಮ ಬೆರಳಿನ ಗೆಣ್ಣಿನಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದಳು. ಹುಡುಗಿ ತಿರುಗಿದಳು. ಅಮ್ಮ ತನ್ನ ಪಕ್ಕದ ಜಾಗವನ್ನು ತಟ್ಟಿ ತೋರಿಸಿದಳು. ಹುಡುಗಿ ಬಿಕ್ಕುತ್ತ ಹೋಗಿ ಕೂತಳು. ಅಮ್ಮ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿ ಆಡಿಸಲು ಶುರುಮಾಡಿದಳು. ಇಷ್ಟು ದಿನ ಮಗಳು ಮುಂದೆ, ಅಮ್ಮ ಹಿಂದೆ. ಇವತ್ತು ಅಮ್ಮನೇ ಮುಂದೆ ಹೊರಟಳು. ತಂದೆಯೇ ಎಂದು ತುಟಿ ಹೇಳಿತು, ತುಸು ತಡೆದು ಮಗಳ ಗಂಟಲು ಹೇಳಿತು. ಆಕಾಶ ಬಂತು, ಹೆಸರು ಬಂತು, ರಾಜ್ಯ ಬಂತು. ಪಟಪಟಿಯ ಧ್ವನಿ ಒಡೆದುಹೋಗಿತ್ತು, ಆದರೆ ಬರುತ್ತಿತ್ತು.

ರೊಟ್ಟಿಯ ಸಾಲಿಗೆ ಬಂದು ನಿಂತಿತು.

ಅಮ್ಮನೂ ನಿಂತಳು. ಮುಂದಿನ ಪದಕ್ಕೆ ಹಾರಲಿಲ್ಲ. ಅದೇ ಪದವನ್ನು ಮತ್ತೆ ತುಟಿಯಲ್ಲಿ ಹೇಳಿದಳು. ಹುಡುಗಿ ತಲೆ ಅಲ್ಲಾಡಿಸಿದಳು. ಅಮ್ಮ ಮತ್ತೆ ಹೇಳಿದಳು, ಸಿಟ್ಟಿಲ್ಲ, ಅವಸರವಿಲ್ಲ. ಬಾಗಿಲ ಹತ್ತಿರ ಅಪ್ಪ ಗೋಡೆಗೆ ಹಣೆಯಿಟ್ಟು ನಿಂತಿದ್ದ.  ಎಷ್ಟು ಸಲ ಆ ತುಟಿ ಆ ಒಂದೇ ಪದವನ್ನು ಹೇಳಿತೋ, ಯಾರೂ ಎಣಿಸಲಿಲ್ಲ. ಕೊನೆಗೆ ಆ ಹೆಂಗಸಿಗೆ ಬೆವರು ಬಂತು. ಹುಡುಗಿ ಸ್ಟೂಲಿನ ಮೇಲಿದ್ದ ಒದ್ದೆ ಬಟ್ಟೆ ತೆಗೆದು ಅಮ್ಮನ ಹಣೆ ಒರೆಸಿದಳು. ಒರೆಸುತ್ತಲೇ, ಅಮ್ಮನ ಬಾಯಿಯನ್ನೇ ನೋಡುತ್ತ, "ಅನುದಿನದ" ಎಂದಳು.

ಅಲ್ಲಿಂದ ಮುಂದೆ ಅಮ್ಮ ಮಗಳು ಎಲ್ಲೂ ನಿಲ್ಲಲಿಲ್ಲ, ಆಮೆನ್ ಎನ್ನುವವರೆಗೆ ಹೇಳಿ ಮುಗಿಸಿದರು. ಅಮ್ಮ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅವಳ ಕೈ ಮಗಳ ಕೂದಲಲ್ಲಿತ್ತು. ಬೇರು ಮಿಸ್ ಸದ್ದಾಗದಂತೆ ಎದ್ದಳು.  ಚಪ್ಪಲಿ ಮೆಟ್ಟಿಕೊಳ್ಳುವಾಗ ಹುಡುಗಿಯೇ ಮಾತಾಡಿದಳು, ಅಮ್ಮನ ಮುಖದಿಂದ ಕಣ್ಣು ತೆಗೆಯದೆ.

"ನಾಳೆ ಬರಬೇಡಿ ಮಿಸ್. ನಾವೇ ಹೇಳ್ಕೋತೀವಿ."